ಬಾಗಿಲ ಸಂದು

ಬಿ.ಎ. ಮುಗಿಸುವವರೆಗೆ ನಾನು ಓದಿದ ಯಾವ ಪುಸ್ತಕದಲ್ಲೂ ತಗಡಿನ ಬಗ್ಗೆ ಒಂದು ಸಾಲು ಇರಲಿಲ್ಲ. ರಾಜರ ಕತ್ತಿಗಳ ಬಗ್ಗೆ ಇತ್ತು, ಗುಡಿಯ ಕಳಶದ ಬಗ್ಗೆ ಇತ್ತು. ತಗಡನ್ನು ಕಾಯಿಸಿ, ತಟ್ಟಿ, ಬಗ್ಗಿಸಿ ಒಂದು ಬಾಗಿಲನ್ನು ಅದರ ಜಾಗಕ್ಕೆ ಕೂರಿಸುವ ಕೈಗಳ ಸುದ್ದಿ ಮಾತ್ರ ಇರಲಿಲ್ಲ. ಆ ಕೈಗಳು ನಮ್ಮ ಮನೆಯಲ್ಲೇ ಇದ್ದವು. ನನ್ನ ಕಾಲೇಜಿನ ಫೀಸು ಕಟ್ಟಿದ್ದೂ ಅವೇ.

ನನ್ನ ಸೋದರಮಾವ ಟಿಂಕರ್. ಈ ಮಾತು ಗೊತ್ತಿಲ್ಲದ ಗೆಳೆಯರಿಗಾಗಿ ಹೇಳುತ್ತೇನೆ: ಕಾರು, ಲಾರಿಗಳ ತಗಡಿನ ಕೆಲಸ ಮಾಡುವವನು. ಎಂಜಿನ್ ಬಿಚ್ಚೋನು ಮೆಕ್ಯಾನಿಕ್, ವೈರು ಎಳೆಯೋನು ಎಲೆಕ್ಟ್ರಿಷಿಯನ್, ಬಣ್ಣ ಹೊಡೆಯೋನು ಪೇಂಟರ್. ಇವರಿಗೆಲ್ಲ ಮುಂಚೆ ಕಾರಿನ ಅಡಿಗೆ ಮಲಗಿ ಮುಖದ ಮೇಲೆ ತುಕ್ಕು ಉದುರಿಸಿಕೊಳ್ಳೋನು ಟಿಂಕರ್. ಗ್ಯಾರೇಜಿನಲ್ಲೂ ಮೇಲು ಕೀಳು ಇದೆ ಮಾರಾಯರೇ. ಮೆಕ್ಯಾನಿಕ್ಕಿಗೆ ಸ್ಟೂಲು, ಟಿಂಕರಿಗೆ ನೆಲ.

ಹನ್ನೆರಡು ವರ್ಷದವನಿದ್ದಾಗ ಊರಿನ ಗೌಡರ ಮನೆಯ ದನ ಕಾಯೋದನ್ನ ಬಿಟ್ಟು ಮಾವ ಮೈಸೂರಿಗೆ ಓಡಿ ಬಂದ. ಕೆಲಸ ಕಲಿಸಿದವರು ಒಬ್ಬ ಉಸ್ತಾದರು. ಯಾವ ಕುಲ, ಯಾವ ಕೇರಿ ಅಂತ ಅವರು ಕೇಳಲಿಲ್ಲ. ಕೈಗೆ ಸುತ್ತಿಗೆ ಕೊಟ್ಟರು, ರಾತ್ರಿ ಮನೆಗೆ ಕರೆದು ತಮ್ಮ ಮಕ್ಕಳ ಪಕ್ಕ ಕೂರಿಸಿ ಅನ್ನ ಹಾಕಿದರು. ಕೆಲಸ ಕೆಟ್ಟರೆ ಸ್ಪ್ಯಾನರಿನಲ್ಲೇ ಬಾರಿಸುತ್ತಿದ್ದರು ಅನ್ನೋದನ್ನೂ ಮಾವ ಮುಚ್ಚಿಡಲ್ಲ. ಈಗ ಅವನಿಗೆ 58. ಶೆಡ್ಡು ಅವನದೇ, ಬಾಡಿಗೆಯದು. ನಾನು ವಾರದಲ್ಲಿ ಐದು ದಿನ ಮಕ್ಕಳಿಗೆ ಟ್ಯೂಷನ್ ಹೇಳುತ್ತೇನೆ, ಉಳಿದ ಎರಡು ದಿನ ಅವನ ಜೊತೆ ತಗಡು ಹಿಡಿಯುತ್ತೇನೆ. ಕವಿತೆ ಬರೆಯೋದು ರಾತ್ರಿ.

ಹೊಸ ಕಾರುಗಳಿಗೆ ಈಗ ಟಿಂಕರ್ ಅಷ್ಟಾಗಿ ಬೇಕಿಲ್ಲ. ಬಾಗಿಲು ನೆಗ್ಗಿದರೆ ಕಂಪನಿಯ ವರ್ಕ್‌ಶಾಪಿನಲ್ಲಿ ಬಾಗಿಲನ್ನೇ ಬದಲಾಯಿಸಿ ಇನ್ಶೂರೆನ್ಸಿಗೆ ಬಿಲ್ಲು ಕಳಿಸುತ್ತಾರೆ. ಮಾವನ ಶೆಡ್ಡಿಗೆ ಬರೋದು ಹಳೇ ಕಾರುಗಳು: ಅಂಬಾಸಿಡರ್, ಪದ್ಮಿನಿ, ಯಾವಾಗಲಾದರೂ ಒಂದು ಜೀಪು. ದುಡ್ಡಿದ್ದವರಿಗೆ ಹಳೇ ಕಾರಿನ ಹುಚ್ಚು ಹಿಡಿದಿದೆ. ಆ ಹುಚ್ಚಿನಿಂದ ನಮ್ಮ ಒಲೆ ಉರಿಯುತ್ತಿದೆ.

ಅಂಬಾಸಿಡರಿನ ಮೂಲ ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಅನ್ನೋ ಕಾರು. ಅದರ ಮೂರನೇ ಸರಣಿಯ ಅಚ್ಚುಗಳು ಬಂಗಾಳದ ಉತ್ತರಪಾರಕ್ಕೆ ಬಂದವು. ಅಲ್ಲಿನ ಹಿಂದೂಸ್ತಾನ್ ಮೋಟಾರ್ಸ್ ಕಾರ್ಖಾನೆಯಲ್ಲಿ 1957ರ ಸುಮಾರಿಗೆ ಶುರುವಾದ ಕಾರು ಸಣ್ಣಪುಟ್ಟ ಬದಲಾವಣೆಗಳೊಂದಿಗೆ 2014ರ ಮೇ ತಿಂಗಳವರೆಗೆ ತಯಾರಾಯಿತು. ಕಾರ್ಖಾನೆ ಬಾಗಿಲು ಹಾಕಿದಾಗ ಎರಡು ಸಾವಿರಕ್ಕೂ ಹೆಚ್ಚು ಕಾರ್ಮಿಕರು ಬೀದಿಗೆ ಬಿದ್ದರು. 2017ರಲ್ಲಿ ಅಂಬಾಸಿಡರ್ ಅನ್ನೋ ಹೆಸರು ಫ್ರಾನ್ಸಿನ ಪ್ಯೂಜೊ ಕಂಪನಿಗೆ 80 ಕೋಟಿ ರೂಪಾಯಿಗೆ ಮಾರಾಟವಾಯಿತು. ಬರೀ ಹೆಸರಿಗೆ!

ನಮ್ಮವ್ವನ ಕಾಲದಲ್ಲಿ ಕೇರಿಯ ಕಡೆ ಬಿಳೀ ಅಂಬಾಸಿಡರ್ ತಿರುಗಿತು ಅಂದರೆ ಒಂದೋ ಓಟು, ಇಲ್ಲಾ ಸಾಹೇಬರು. ಆ ಬಾಗಿಲನ್ನು ತೆಗೆದು ಹಿಡಿದು ನಿಂತವರು ನಮ್ಮವರಲ್ಲಿದ್ದಾರೆ, ಒಳಗೆ ಕೂತವರಿಲ್ಲ. ಈಗ ಅದೇ ಬಾಗಿಲನ್ನು ಬಿಚ್ಚಿ ತೊಡೆ ಮೇಲೆ ಮಲಗಿಸಿಕೊಂಡು ಮಾವ ತುಕ್ಕು ಕೆರೆಯುತ್ತಾನೆ. ಇದರಲ್ಲೊಂದು ಕವಿತೆ ಇದೆ ಮಾವ ಅಂತ ಒಂದು ಸಲ ಹೇಳಿದೆ. "ಕವಿತೆ ಆಮೇಲ್ ಬರ್ಕಳ್ಳಿವಂತೆ, ಮೊದ್ಲು ಆ ಎಮ್ರಿ ಪೇಪರ್ ಕೊಡ್ಲಾ" ಅಂದ.

ಹೋದ ವರ್ಷ ಬಂದದ್ದು 1968ರ ಮಾರ್ಕ್ ಟು. ಯಾವುದೋ ತೋಟದ ಶೆಡ್ಡಿನಲ್ಲಿ ಇಪ್ಪತ್ತು ವರ್ಷ ನಿಂತಿತ್ತಂತೆ. ಹಿಂದಿನ ಸೀಟಿನಲ್ಲಿ ಕೋಳಿ ಮೊಟ್ಟೆಯಿಟ್ಟಿದ್ದ ಗುರುತಿತ್ತು. ಎಡಗಡೆಯ ಎರಡು ಬಾಗಿಲೂ ಹಾಕಿದರೆ ಹಾಕಲಿಕ್ಕಾಗದು, ತೆಗೆದರೆ ತೆಗೆಯಲಿಕ್ಕಾಗದು. "ಡೋರ್ ಅಲೈನ್ ಮಾಡಿ, ಸಾಕು" ಅಂದರು ಸಾಹುಕಾರರು.

ಬಾಗಿಲು ಕೂರದಿದ್ದರೆ ಬಾಗಿಲದೇ ತಪ್ಪು ಅಂತ ಎಲ್ಲರೂ ತಿಳಿಯುತ್ತಾರೆ. ಮಾವ ಮೊದಲು ಬಾಗಿಲ ಕಡೆ ನೋಡೋದೇ ಇಲ್ಲ. ಅಂಗಾತ ಮಲಗಿ ಅಡಿಗೆ ತೆವಳುತ್ತಾನೆ, ಕೈಯಲ್ಲೊಂದು ಸ್ಕ್ರೂಡ್ರೈವರು. ಬಾಗಿಲ ಕೆಳಗೆ, ಮುಂದಿನ ಚಕ್ರದಿಂದ ಹಿಂದಿನ ಚಕ್ರದವರೆಗೆ ಪೆಟ್ಟಿಗೆಯ ಹಾಗೆ ಮಡಿಚಿದ ತಗಡಿನ ಪಟ್ಟಿ ಇರುತ್ತದೆ. ಅದನ್ನು ಚುಚ್ಚಿ ನೋಡುತ್ತಾನೆ. ಠಣ್ ಅಂದರೆ ಬದುಕಿದೆ, ಚುಚ್ಚಿದ್ದು ಒಳಗೆ ಹೋದರೆ ಸತ್ತಿದೆ. ಈ ಕಾರಿನಲ್ಲಿ ಸ್ಕ್ರೂಡ್ರೈವರು ಹಿಡಿಯವರೆಗೂ ಹೋಯಿತು.

ಇದು ಯಾಕೆ ಮುಖ್ಯ ಅಂದರೆ, ಅಂಬಾಸಿಡರಿಗೆ ಲಾರಿಗಿರುವ ಹಾಗೆ ಬೇರೆ ಚಾಸಿ ಇಲ್ಲ. ತಗಡಿನ ಮೈಯೇ ಅದರ ಎಲುಬು. ಆ ಕೆಳಗಿನ ಪಟ್ಟಿಯೂ, ನೆಲದ ತಗಡೂ, ಮೇಲಿನ ಮಾಡೂ ಸೇರಿ ಇಡೀ ಭಾರ ಹೊರುತ್ತವೆ. ಪಟ್ಟಿ ತುಕ್ಕು ತಿಂದು ಸೊರಗಿದರೆ ಕಾರು ನಡುವಿನಲ್ಲಿ ಜಗ್ಗುತ್ತದೆ, ಹಗ್ಗ ಸಡಿಲವಾದ ಮಂಚದ ಹಾಗೆ. ನಡು ಜಗ್ಗಿದರೆ ಬಾಗಿಲ ಎರಡು ಕಡೆಯ ಕಂಬಗಳ ತಲೆಗಳು ಒಂದರತ್ತ ಒಂದು ವಾಲುತ್ತವೆ. ಆಗ ಬಾಗಿಲ ಸಂದು ಮೇಲೆ ಬಿಗಿ, ಕೆಳಗೆ ಅಗಲ. ಬಾಗಿಲು ಪಾಪ ತನ್ನ ಆಕಾರದಲ್ಲೇ ಇರುತ್ತದೆ, ಕೆಟ್ಟಿರೋದು ಅದರ ಮನೆ. ಇದನ್ನು ತಿಳಿಯದೆ ಬಾಗಿಲ ಅಂಚನ್ನು ಉಜ್ಜಿ ಸಣ್ಣ ಮಾಡಿ ಕೂರಿಸುವ ಗ್ಯಾರೇಜುಗಳಿವೆ. ಆಮೇಲೆ ಯಾರೋ ಪಟ್ಟಿ ರಿಪೇರಿ ಮಾಡಿ ಮೈ ನೆಟ್ಟಗೆ ಮಾಡಿದ ದಿನ, ಉಜ್ಜಿ ಕಳೆದ ಬಾಗಿಲ ಸುತ್ತ ಬೆರಳು ಹೋಗುವಷ್ಟು ಸಂದು.

ಪಟ್ಟಿ ಕತ್ತರಿಸುವ ಮುಂಚೆ ಮಾವ ಒಂದು ವಾರ ಬರೀ ಅಳತೆ ಮಾಡಿದ. ಕಾರನ್ನು ಸಮತಟ್ಟು ನೆಲದಲ್ಲಿ, ಚಕ್ರದ ಭಾರ ಬೀಳುವ ಜಾಗಗಳಲ್ಲೇ ಆನಿಸಿ ನಿಲ್ಲಿಸಿದ. ನಡುವಿಗೆ ಜಾಕ್ ಕೊಟ್ಟು ಎತ್ತಿದರೆ ಸುಳ್ಳು ಅಳತೆ ಬರುತ್ತದೆ, ಆಗ ಜಗ್ಗಿದ ಮೈಯೂ ನೆಟ್ಟಗಾದ ಹಾಗೆ ಕಾಣುತ್ತದೆ. ಎಂಜಿನ್ ಇಳಿಸಿದ್ದರೆ ಮುಂದಿನ ಭಾಗ ಹಗುರವಾಗಿ ಅದೂ ಒಂದು ಸುಳ್ಳು. ಈ ಕಾರಿನ ಎಂಜಿನ್ ಇಳಿಸಿತ್ತು. ಆ ಜಾಗಕ್ಕೆ ಮರಳಿನ ಚೀಲ ಹೇರಿದೆವು. ಆಮೇಲೆ ಬಾಗಿಲ ಚೌಕಟ್ಟಿನ ಮೂಲೆಯಿಂದ ಮೂಲೆಗೆ ಅಡ್ಡಡ್ಡ ಅಳತೆ, ಎಡಗಡೆಯದು ಒಂದು, ಬಲಗಡೆಯದು ಒಂದು. ಬಲಗಡೆ ಗಟ್ಟಿಯಿತ್ತು, ಅದೇ ನಮಗೆ ಸಾಕ್ಷಿ. ಎಡಗಡೆ ಒಂದು ಕರ್ಣ 9 ಮಿಲಿಮೀಟರ್ ಕಡಿಮೆ ಬಂತು. ಜಾಕಿನಿಂದ ಕೂದಲೆಳೆ ಕೂದಲೆಳೆಯಾಗಿ ಎತ್ತಿ, ಅಳೆದು, ಮತ್ತೆ ಎತ್ತಿ ಎರಡೂ ಕಡೆ ಸಮ ಬಂದಾಗ ಚೌಕಟ್ಟಿನೊಳಗೆ ಕಬ್ಬಿಣದ ಪೈಪುಗಳನ್ನು ಅಡ್ಡ ಇಟ್ಟು ಬೆಸೆದ. ಮುರಿದ ಮೂಳೆಗೆ ದಬ್ಬೆ ಕಟ್ಟಿದಂತೆ. ಅದಾದ ಮೇಲೇನೇ ಗ್ರೈಂಡರ್ ಮುಟ್ಟಿದ್ದು. ಎರಡು ಪಟ್ಟಿಗಳನ್ನು ಒಟ್ಟಿಗೆ ಕತ್ತರಿಸಲಿಲ್ಲ. ಒಂದು ಬೆಸೆದು ಮುಗಿಸಿ, ತಣ್ಣಗಾದ ಮೇಲೆ ಇನ್ನೊಂದು.

ಬಾಗಿಲು ಕೂರಿಸೋದಕ್ಕೂ ಒಂದು ಕ್ರಮವಿದೆ, ಹಿಂದಿನಿಂದ ಮುಂದಕ್ಕೆ. ಹಿಂದಿನ ಮೈ ಬಾಡಿಗೇ ಬೆಸೆದುಕೊಂಡಿರುತ್ತದೆ, ಅದನ್ನು ಅಲುಗಿಸಲಾಗದು. ಆದ್ದರಿಂದ ಹಿಂದಿನ ಬಾಗಿಲನ್ನು ಅದಕ್ಕೆ ಹೊಂದಿಸಬೇಕು. ಮುಂದಿನ ಬಾಗಿಲನ್ನು ಹಿಂದಿನ ಬಾಗಿಲಿಗೆ, ಮುಂದಿನ ಮಡ್‌ಗಾರ್ಡನ್ನು ಮುಂದಿನ ಬಾಗಿಲಿಗೆ. ಕಡೆಗೆ ಬಾನೆಟ್ಟು. ಮಡ್‌ಗಾರ್ಡು ಬೋಲ್ಟಿನ ಮೇಲೆ ನಿಂತಿರುತ್ತದೆ, ಕದಲುತ್ತದೆ. ಮುಂದಿನಿಂದ ಶುರು ಮಾಡಿದವನು ಹಿಂದೆ ಹೋಗುವ ಹೊತ್ತಿಗೆ ಎಲ್ಲ ತಪ್ಪುಗಳನ್ನೂ ಕೊನೆಯ ಒಂದು ಸಂದಿಗೆ ತುರುಕಬೇಕಾಗುತ್ತದೆ, ಅಲ್ಲಿ ಜಾಗ ಇರಲ್ಲ.

ಮೊದಲು ಹಳೇ ರಬ್ಬರ್ ಬೀಡಿಂಗ್ ಪೂರ್ತಿ ಕಿತ್ತು, ಕಂಬದ ಮೇಲಿನ ಲಾಕಿನ ಕೊಂಡಿಯನ್ನೂ ಬಿಚ್ಚಿಬಿಡಬೇಕು. ಬಾಗಿಲು ಬರೀ ಹಿಂಜಿನ ಮೇಲೆ ತೂಗಬೇಕು. ಆಮೇಲೆ ಹಿಡಿಯ ಹತ್ತಿರ ಕೈಕೊಟ್ಟು ಮೇಲಕ್ಕೆತ್ತಿ ನೋಡಬೇಕು. ಲೊಟಕ್ ಅಂದರೆ ಹಿಂಜಿನ ಪಿನ್ನು ಸವೆದಿದೆ. ಅದನ್ನು ಬದಲಾಯಿಸದೆ ಮುಂದಿನ ಯಾವ ಕೆಲಸ ಮಾಡಿದರೂ ದಂಡ. ಬಾಗಿಲ ಬಾಲ ಕೆಳಗೆ ಇಳಿದಿದ್ದರೆ, ಲಾಕಿನ ಕೊಂಡಿಯನ್ನೇ ಮೇಲೆ ಸರಿಸಿ ಬಾಗಿಲನ್ನು ಅದರ ಮೇಲೆ ಹತ್ತಿಸಿ ಕೂರಿಸುವವರೂ ಇದ್ದಾರೆ. ಹಾಕಿದಾಗ ಸರಿಯಾಗೇ ಕಾಣುತ್ತದೆ. ತೆಗೆದಾಗ ಬಾಗಿಲು ಅರ್ಧ ಬೆರಳು ಕೆಳಗೆ ಬೀಳುತ್ತದೆ. ಮಾವನಿಗೆ ಇಂಥದ್ದು ಕಂಡರೆ ಮೈಯುರಿ. "ಕುಂಟೋನ್ನ ಗೋಡೆಗೆ ಆನ್ಸಿ ನಿಲ್ಸಿ ನೆಟ್ಟಗವ್ನೆ ಅಂದಂಗಾಯ್ತು" ಅನ್ನುತ್ತಾನೆ.

ಸರಿಯಾದ ದಾರಿ ಹಿಂಜಿನ ಹಿಂದೆ ತಗಡಿನ ಚೂರು ಕೊಡೋದು. ಕೆಳಗಿನ ಹಿಂಜಿಗೂ ಕಂಬಕ್ಕೂ ನಡುವೆ ತೆಳ್ಳನೆ ಚೂರಿಟ್ಟರೆ ಬಾಗಿಲ ಬುಡ ಹಿಂದಕ್ಕೆ ತಳ್ಳಿಕೊಂಡು ಬಾಲ ಮೇಲೇಳುತ್ತದೆ. ಮೇಲಿನ ಹಿಂಜಿಗೆ ಇಟ್ಟರೆ ಬಾಲ ಇಳಿಯುತ್ತದೆ. ಹಿಂಜಿನ ಹತ್ತಿರ ಅರ್ಧ ಮಿಲಿಮೀಟರ್ ಕೊಟ್ಟರೆ ಬಾಗಿಲ ಆ ತುದಿಯಲ್ಲಿ ಅದಕ್ಕಿಂತ ಹೆಚ್ಚೇ ಸಿಗುತ್ತದೆ. ಹೈಸ್ಕೂಲಿನಲ್ಲಿ ಸಮರೂಪ ತ್ರಿಭುಜ ಅಂತ ಕಲಿತಿದ್ದೆವಲ್ಲ, ಅದೇ ಇದು. ಹಳ್ಳಿ ಶಾಲೆಯ ಮೇಷ್ಟ್ರುಗಳು ಇದನ್ನು ಓದುತ್ತಿದ್ದರೆ ಒಂದು ಕೋರಿಕೆ: ಆ ಪಾಠ ಮಾಡುವ ದಿನ ಮಕ್ಕಳನ್ನು ಹತ್ತಿರದ ಗ್ಯಾರೇಜಿಗೆ ಕರೆದುಕೊಂಡು ಹೋಗಿ. ನನಗೆ ಹತ್ತನೇ ಕ್ಲಾಸಿನಲ್ಲಿ ಅರ್ಥವಾಗದ್ದು ಹಿಂಜಿನ ಮುಂದೆ ಕೂತಾಗ ಅರ್ಧ ಗಂಟೆಯಲ್ಲಿ ಅರ್ಥವಾಯಿತು.

ಸಂದು ಅಳೆಯೋದಕ್ಕೆ ಮಾವನ ಹತ್ತಿರ 4 ಮಿಲಿಮೀಟರ್ ಪ್ಲೈವುಡ್ಡಿನ ಚೂರಿದೆ. ಬಾಗಿಲ ಸುತ್ತ ಅದು ಬಿಗಿಯಾಗದೆ, ಸಡಿಲಾಗದೆ ಜಾರಬೇಕು. ಬರೀ ತಗಡಿದ್ದಾಗ ಸ್ವಲ್ಪ ಸಡಿಲವೇ ಇರಬೇಕು. ಯಾಕಂದರೆ ಪ್ರೈಮರು, ಬಣ್ಣ ಎರಡೂ ಅಂಚಿನ ಮೇಲೆ ಕೂತು ಸಂದನ್ನು ತಿನ್ನುತ್ತವೆ. ಸಂದು ಸರಿಹೋದ ಮೇಲೆ ಮಟ್ಟ. ಬಾಗಿಲು ಪಕ್ಕದ ತಗಡಿಗಿಂತ ಹೊರಗೆ ಚಾಚಿದೆಯೋ, ಒಳಗೆ ಹೂತಿದೆಯೋ? ಅಂಬಾಸಿಡರಿನ ಮೈ ಎಲ್ಲೂ ಚಪ್ಪಟೆ ಇಲ್ಲ, ಹಾಗಾಗಿ ಪಟ್ಟಿ ಇಟ್ಟು ನೋಡಿದರೆ ಗೊತ್ತಾಗದು. ತಗಡಿಗೆ ನೀರು ಎರಚಿ, ಟ್ಯೂಬ್‌ಲೈಟಿನ ಬೆಳಕು ಅದರ ಮೇಲೆ ಹೇಗೆ ಹರಿಯುತ್ತದೆ ಅಂತ ನೋಡುತ್ತಾನೆ. ಗೆರೆ ಸಂದಿನ ಹತ್ತಿರ ಮುರಿದರೆ ಮಟ್ಟ ತಪ್ಪಿದೆ. ಬಾಗಿಲು ತಿರುಚಿಕೊಂಡಿದ್ದರೆ, ಅಂದರೆ ಮೇಲ್ತುದಿ ಒಳಗೆ, ಕೆಳತುದಿ ಹೊರಗೆ ಇದ್ದರೆ, ಒಳಗೆ ಹೋದ ಮೂಲೆಯಲ್ಲಿ ಮರದ ತುಂಡು ಕಚ್ಚಿಸಿ ಹೊರಗೆ ಬಂದ ಮೂಲೆಗೆ ಮಂಡಿ ಕೊಟ್ಟು ಒತ್ತುತ್ತಾನೆ. ನೋಡಿದವರಿಗೆ ಕಾರು ಮುರಿಯುತ್ತಿದ್ದಾನೆ ಅನ್ನಿಸುತ್ತದೆ. ಎಷ್ಟು ಒತ್ತಬೇಕು ಅನ್ನೋದನ್ನ ಅವನು ನನಗೆ ಮಾತಿನಲ್ಲಿ ಹೇಳಲಾರ. ನಾನೂ ನಿಮಗೆ ಹೇಳಲಾರೆ.

ಈ ಕೆಲಸಕ್ಕೆ ಇನ್ನೊಂದು ಮುಖ ಇದೆ. ಹಳೇ ಕಾಲದಲ್ಲಿ ತಗಡಿನ ಬೆಸುಗೆಯ ಮೇಲೆ ಸೀಸ ತವರ ಕರಗಿಸಿ ಮೆತ್ತಿ ಅರದಲ್ಲಿ ಉಜ್ಜಿ ಸಮ ಮಾಡುತ್ತಿದ್ದರು. ಆ ಪುಡಿ ಉಸಿರಿನಲ್ಲಿ ಹೋದರೆ ನರಕ್ಕೆ, ರಕ್ತಕ್ಕೆ ವಿಷ. ಉಸ್ತಾದರ ಶೆಡ್ಡಿನಲ್ಲಿ ಅದರ ಪುಡಿ ಗುಡಿಸುತ್ತಿದ್ದದ್ದು ಹನ್ನೆರಡು ಹದಿಮೂರರ ಹುಡುಗರು. ಸತುವಿನ ಲೇಪದ ತಗಡನ್ನು ಬೆಸೆದ ರಾತ್ರಿ ಚಳಿಜ್ವರ ಬರುತ್ತದೆ. ಒಂದು ಲೋಟ ಹಾಲು ಕುಡಿದರೆ ಸರಿಹೋಗುತ್ತದೆ ಅನ್ನೋದು ಗ್ಯಾರೇಜಿನ ನಂಬಿಕೆ. ಹಾಲು ಹೊಟ್ಟೆಗೆ ಹೋಗುತ್ತದೆ, ಹೊಗೆ ಹೋಗಿರೋದು ಶ್ವಾಸಕೋಶಕ್ಕೆ. ನಾನು ಒಂದು ಮಾಸ್ಕ್ ತಂದುಕೊಟ್ಟೆ. ಹದಿನೈದು ದಿನ ಹಾಕಿದ, ಸೆಕೆ ಅಂತ ತೆಗೆದು ಮೊಳೆಗೆ ತಗುಲಿಹಾಕಿದ. ಅದರ ಮೇಲೆ ಈಗ ಧೂಳು ಕೂತಿದೆ, ಅವನ ಎದೆಯಲ್ಲಿ ಕೂರಬೇಕಿದ್ದ ಧೂಳು.

ಕಿವಿಯ ವಿಚಾರ ಬೇರೆ. ನಲವತ್ತೈದು ವರ್ಷ ತಗಡಿನ ಮೇಲೆ ಸುತ್ತಿಗೆ ಹೊಡೆದವನ ಕಿವಿ. ಮಾನಸಗಂಗೋತ್ರಿಯ ವಾಕ್ ಮತ್ತು ಶ್ರವಣ ಸಂಸ್ಥೆಗೆ ಕರೆದುಕೊಂಡು ಹೋದೆ. ಗದ್ದಲದಿಂದ ಕಿವಿ ಕೆಟ್ಟರೆ ಮೊದಲು ಹೋಗೋದು ಎತ್ತರದ, ತೆಳ್ಳನೆಯ ಸ್ವರಗಳಂತೆ. ಮಾವನಿಗೆ ಲಾರಿ ಕೇಳುತ್ತದೆ, ನನ್ನ ಅತ್ತೆಯ ಮಾತು ಅರ್ಧ ಕೇಳುತ್ತದೆ, ಗುಬ್ಬಿ ಕೇಳೋದೇ ಇಲ್ಲ.

ಆ ಮಾರ್ಕ್ ಟು ಮುಗಿಯಲು ಮೂರು ತಿಂಗಳು ಹಿಡಿಯಿತು. ಸಾಹುಕಾರರು ಬಂದು, ಕೈಯಲ್ಲಿ ಅಳತೆಯ ಬ್ಲೇಡುಗಳನ್ನು ಹಿಡಿದು ಒಂದೊಂದೇ ಸಂದನ್ನು ನೋಡಿದರು. ಎಡಗಡೆ ಹಿಂದಿನ ಬಾಗಿಲಲ್ಲಿ ಮೇಲೆ 4, ಕೆಳಗೆ 5ರ ಮೇಲೆ ಚೂರು ಬಂತು. ಫೋನಿನಲ್ಲಿ ಯಾವುದೋ ದೇಶದ ಕಾರಿನ ಚಿತ್ರ ತೋರಿಸಿದರು, ದಾರ ಎಳೆದ ಹಾಗಿತ್ತು ಸಂದು.

"ಸಾರ್, ಇದು ಕಂಪ್ನಿಯಿಂದ ಬಂದಾಗ್ಲೂ ಹಿಂಗೇ ಇದ್ದುದ್ದು. ಬಲಗಡೆ ನೋಡಿ, ಅದನ್ನ ನಾನ್ ಮುಟ್ಟೇ ಇಲ್ಲ, ಅಲ್ಲೂ ಇಷ್ಟೇ ಐತೆ" ಅಂದ ಮಾವ.

"ಪುಟ್ಟಿ ಹಾಕಿ ತುಂಬಿಸಿಬಿಡಿ" ಅಂದರು.

ಅಂಚಿಗೆ ಪುಟ್ಟಿ ಮೆತ್ತಿದರೆ ಬಾಗಿಲು ಹಾಕಿ ತೆಗೆಯುವ ಏಟಿಗೆ ಅದು ಎಗರಿ ಹೋಗುತ್ತದೆ. ಸರಿಯಾಗಿ ಮಾಡಬೇಕಾದರೆ ಅಂಚಿನುದ್ದಕ್ಕೂ ಬೆಸುಗೆಯ ಗೆರೆ ಎಳೆದು, ತಗಡು ಸೊಟ್ಟಗಾಗದ ಹಾಗೆ ನಿಲ್ಲಿಸಿ ನಿಲ್ಲಿಸಿ ಕಾಯಿಸಿ, ಅರದಲ್ಲಿ ಉಜ್ಜಿ ಇಳಿಸಬೇಕು. ಎರಡು ದಿನದ ಕೆಲಸ. ಎರಡು ದಿನದ ಕೂಲಿ ಕೊಡಿ, ಮಾಡಿಕೊಡ್ತೀನಿ ಅಂದ ಮಾವ. ಮಾತಾಡಿದ ರೇಟಿನಲ್ಲೇ ಮಾಡಬೇಕು ಅಂದರು ಅವರು. ಕಾರು ತೆಗೆದುಕೊಂಡು ಹೋದರು. 15,000 ರೂಪಾಯಿ ಹಿಡಿದುಕೊಂಡರು. ಈವತ್ತಿಗೂ ಬಂದಿಲ್ಲ. ಕೆಟ್ಟ ಮನುಷ್ಯರೇನಲ್ಲ, ಬಂದಾಗೆಲ್ಲ ನನ್ನ ಓದಿನ ಬಗ್ಗೆ ವಿಚಾರಿಸುತ್ತಿದ್ದರು. ಹಣದ ವಿಷಯಕ್ಕೆ ಬಂದಾಗ ಮಾತ್ರ ಆ ಬ್ಲೇಡು ಆಚೆ ಬರುತ್ತಿತ್ತು.

2021ರ ಜುಲೈಯಲ್ಲಿ ಕೇಂದ್ರ ಸರ್ಕಾರ ಹಳೇ ವಾಹನಗಳಿಗೆಂದೇ ನಿಯಮ ತಂದಿತು. ಮೊದಲ ನೋಂದಣಿಯಾಗಿ 50 ವರ್ಷ ದಾಟಿದ, ಬಾಡಿಗೆ ವ್ಯಾಪಾರಕ್ಕೆ ಬಳಸದ ಗಾಡಿಯನ್ನು ವಿಂಟೇಜ್ ಅಂತ ನೋಂದಾಯಿಸಬಹುದು. ಹೊಸದಾಗಿ ಕೊಡುವ ನಂಬರಿನಲ್ಲಿ ‘ವಿಎ’ ಅಂತ ಇರುತ್ತದೆ, ಶುಲ್ಕ 20,000 ರೂಪಾಯಿ, 10 ವರ್ಷದ ಮಾನ್ಯತೆ. ಗಾಡಿ ಮೂಲ ರೂಪದಲ್ಲಿರಬೇಕು, ಚಾಸಿ, ಬಾಡಿ, ಎಂಜಿನ್ನುಗಳಲ್ಲಿ ಮಾರ್ಪಾಡು ಆಗಿರಬಾರದು ಅನ್ನೋದು ಅದರ ಷರತ್ತು. ತುಕ್ಕು ತಿಂದದ್ದನ್ನು ಅದೇ ಆಕಾರಕ್ಕೆ ತರೋದು ಮಾರ್ಪಾಡಲ್ಲ, ಒಪ್ಪುತ್ತೇನೆ. ಕಾಯಿದೆಯ ಮೇಲೆ ನನ್ನ ತಕರಾರಿಲ್ಲ. ನನ್ನ ತಕರಾರು ‘ಒರಿಜಿನಲ್’ ಅನ್ನೋ ಮಾತಿನ ಮೇಲೆ. ಒಂದು ಭಾನುವಾರ ಹಳೇ ಕಾರುಗಳ ಪ್ರದರ್ಶನಕ್ಕೆ ಮಾವನನ್ನು ಕರೆದುಕೊಂಡು ಹೋಗಿದ್ದೆ. ನಮ್ಮ ಮಾರ್ಕ್ ಟು ಅಲ್ಲಿತ್ತು, ಕೆನೆ ಬಣ್ಣದಲ್ಲಿ ಮದುವಣಗಿತ್ತಿಯ ಹಾಗೆ. ಯಾರೋ ದೊಡ್ಡವರು ಎಡಗಡೆಯ ಬಾಗಿಲು ತೆಗೆದು ಹಾಕಿ ತಲೆದೂಗಿದರು. "ಎಲ್ಲಾ ಒರಿಜಿನಲ್" ಅಂದರು ಸಾಹುಕಾರರು. ಮಂಡಿಯ ಮಟ್ಟದಿಂದ ಕೆಳಗಿನ ತಗಡೆಲ್ಲ ನಮ್ಮ ಶೆಡ್ಡಿನದು. ಹಗ್ಗದಾಚೆ ನಿಂತಿದ್ದ ಮಾವನ ಮುಖ ನೋಡಿದೆ. ಸಿಟ್ಟಿರಲಿಲ್ಲ. "ಗೊತ್ತಾಯ್ತಿಲ್ಲ ನೋಡ್ಲಾ, ಎಲ್ಲಿ ಬೆಸ್ದಿದ್ದು ಅಂತ" ಅಂದ, ಖುಷಿಯಿಂದ.

ಈ ಖುಷಿ ನನ್ನನ್ನು ಇನ್ನೂ ಕಾಡುತ್ತದೆ. ಕಾಣಿಸದ ಹಾಗೆ ಮಾಡಿದರೇನೇ ಒಳ್ಳೇ ಕೆಲಸ ಅನ್ನೋ ಕಸುಬು ಅವನದು. ಬೆಸುಗೆ ಕಂಡರೆ ಸೋತ, ಕಾಣದಿದ್ದರೆ ಗೆದ್ದ. ಗೆದ್ದವನನ್ನು ಯಾರೂ ಹುಡುಕಿಕೊಂಡು ಬರಬೇಕಾದ ಅಗತ್ಯವೇ ಇಲ್ಲ. ಕವಿತೆಯ ಕೆಳಗೆ ನಾನು ಹೆಸರು ಹಾಕುತ್ತೇನೆ. ಬಾಗಿಲ ಒಳತಗಡಿನಲ್ಲಿ, ಹೊದಿಕೆ ಮುಚ್ಚುವ ಜಾಗದಲ್ಲಿ, ನಿನ್ನ ಹೆಸರನ್ನು ಒಂದು ಚಾಣದಲ್ಲಿ ಕೊರೆದುಬಿಡು ಮಾವ ಅಂದೆ. "ಅಲ್ಲಿಂದ್ಲೇ ತುಕ್ಕು ಹಿಡೀತದೆ" ಅಂದ.

ಇಷ್ಟು ಹೇಳಿದೆನೆಂದು ಈ ಕಸುಬು ಉಳಿಯಬೇಕು ಅಂತ ನಾನು ಅಳುತ್ತಿದ್ದೇನೆ ಅಂದುಕೊಳ್ಳಬೇಡಿ ಗೆಳೆಯರೇ. ಕಸುಬು ಉಳಿಸಿ, ಕೈಕೆಲಸ ಉಳಿಸಿ ಅಂತ ಪೇಟೆಯ ಸಭೆಗಳಲ್ಲಿ ಹೇಳುವವರ ಮಕ್ಕಳು ಯಾರೂ ಸುತ್ತಿಗೆ ಹಿಡಿದದ್ದನ್ನು ನಾನು ನೋಡಿಲ್ಲ. ನಮ್ಮವರಿಗೆ ಕುಲಕಸುಬಿನ ಹೆಸರಲ್ಲಿ ಕಟ್ಟಿದ ಹಗ್ಗ ಎಂಥದ್ದು ಅಂತ ನಮಗೆ ಗೊತ್ತು. ಆದರೆ ತಗಡು ಮಾವನಿಗೆ ಕುಲದಿಂದ ಬಂದದ್ದಲ್ಲ. ಊರು ಬಿಟ್ಟು ಓಡಿಬಂದು ಹಿಡಿದದ್ದು. ಅವನ ಮಗ ಮೊಬೈಲ್ ಅಂಗಡಿಯಲ್ಲಿದ್ದಾನೆ, ಎ.ಸಿ. ಇದೆ, ಕಿವಿ ಚೆನ್ನಾಗಿದೆ. ಅವನು ಮಾಡಿದ್ದೇ ಸರಿ ಅಂತ ಮಾವನೂ ಹೇಳುತ್ತಾನೆ, ನಾನೂ ಹೇಳುತ್ತೇನೆ. ನನಗೆ ಬೇಕಾದದ್ದು ಬಾಕಿ 15,000 ರೂಪಾಯಿ, ಹೊಗೆ ಹೋಗಲಿಕ್ಕೆ ಒಂದು ಫ್ಯಾನು, ಮತ್ತೆ ಆ ಪ್ಲೈವುಡ್ ಚೂರಿನ ಲೆಕ್ಕ ಎಲ್ಲಾದರೂ ಬರಹದಲ್ಲಿ ಇರೋದು.

ಈಗ ಶೆಡ್ಡಿನಲ್ಲಿ ಒಂದು ಪದ್ಮಿನಿ ಇದೆ. ಪಟ್ಟಿ ಮುಗಿದು ಹಿಂದಿನ ಬಾಗಿಲುಗಳು ಕೂತಿವೆ, ಮುಂದಿನದು ನಡೆಯುತ್ತಿದೆ. ಹೊಸ ರಬ್ಬರು ಗಟ್ಟಿಯಿದ್ದು ಬಾಗಿಲನ್ನು ಹೊರಕ್ಕೆ ತಳ್ಳುತ್ತದೆ. ಆದ್ದರಿಂದ ಕೊಂಡಿ ಬಿಗಿಯುವ ಮುಂಚೆ ಹಾಕಿ ಹಾಕಿ ಸದ್ದು ಕೇಳಬೇಕು. ಮುಂಚೆಲ್ಲ ಅದನ್ನು ಮಾವನೇ ಕೇಳುತ್ತಿದ್ದ. ಹೋದ ಶನಿವಾರ ಬಾಗಿಲು ಹಾಕಿ ನನ್ನ ಕಡೆ ತಿರುಗಿದ.

"ಹೆಂಗ್ ಕೇಳ್ತು ಮಗಾ?"

"ಎರಡು ಸದ್ದು ಬಂತು ಮಾವ. ಮೊದ್ಲು ಟಿಕ್ ಅಂತು, ಆಮೇಲೆ ಧಪ್."

"ಟಿಕ್ ಮೊದ್ಲಾ?"

"ಮೊದ್ಲು."

ಕೊಂಡಿಯ ಸ್ಕ್ರೂ ಅರ್ಧ ಸುತ್ತು ಸಡಿಲಿಸಿ, ಅಂಗೈಯಿಂದ ಕೆಳಗೆ ತಟ್ಟಿ, ಮತ್ತೆ ಹಾಕಿದ.